ಹಿಂದಿನ ದೀಪ ಹಿಂದೆ ಬರುವವರಿಗೆ

ಮಾನ್ಯ ಸಂಪಾದಕರೆ,

ಕಾರಿನ ದೀಪಗಳಿಗೆ ಮನೆಯಲ್ಲೇ ಕಪ್ಪು ಛಾಯೆ ಹಾಕಿಕೊಳ್ಳುವ ಗೀಳು ಹೆಚ್ಚುತ್ತಿದೆ. ಹೊಗೆ ಬಣ್ಣದ ಒಂದು ಸ್ಪ್ರೇ ಡಬ್ಬಿ ಅಥವಾ ಅಂಟಿಸುವ ಫಿಲ್ಮಿನ ಒಂದು ಸುರುಳಿ, ಜೊತೆಗೆ ಅರ್ಧ ದಿನದ ರಜೆ ಇದ್ದರೆ ಸಾಕು. ಹೇಗೆ ಮಾಡಬೇಕೆಂದು ತೋರಿಸುವ ವಿಡಿಯೊಗಳಿಗೆ ಲೆಕ್ಕವೇ ಇಲ್ಲ. ನಾನು ನೋಡಿದ ಅಂಥ ವಿಡಿಯೊಗಳಲ್ಲಿ ಒಂದರಲ್ಲೂ ಸಿಗದ ದೃಶ್ಯವೊಂದಿದೆ: ಮಳೆಯ ಮುಸ್ಸಂಜೆಯಲ್ಲಿ ಆ ಕಾರಿನ ಹಿಂದೆ ಬರುವವರ ಕಣ್ಣಿಗೆ ಅದು ಹೇಗೆ ಕಾಣುತ್ತದೆ ಎಂಬುದು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಡದ್ದು ನನ್ನದೇ ಕಾರಿನಲ್ಲಿ, ನಾನೇ ಬಣ್ಣ ಹೊಡೆದ ದೀಪಗಳಲ್ಲಿ. ಅದಕ್ಕಾಗಿ ಈ ಪತ್ರ. ಸ್ವಲ್ಪ ಉದ್ದವಾಯಿತು, ಮನ್ನಿಸಬೇಕು.

ನಾನು ಮೆಕ್ಯಾನಿಕ್ ಅಲ್ಲ. ಲೆಕ್ಕಪತ್ರ ನೋಡುವ ಕೆಲಸ ನನ್ನದು. ಆದರೆ ಎಂಜಿನ್ ಆಯಿಲ್ ಬದಲಿಸುವುದು, ಬ್ರೇಕ್ ಪ್ಯಾಡ್ ಹಾಕುವುದು, ಬಲ್ಬ್ ತೆಗೆದು ಹಾಕುವುದು ಇಂಥವನ್ನೆಲ್ಲ ಮೊದಲಿನಿಂದಲೂ ನಾನೇ ಮಾಡಿಕೊಳ್ಳುತ್ತ ಬಂದಿದ್ದೇನೆ. ಬೂದು ಬಣ್ಣದ ನನ್ನ ಕಾರಿಗೆ ಹಿಂದಿನ ದೀಪಗಳ ಢಾಳಾದ ಕೆಂಪು ಒಪ್ಪುವುದಿಲ್ಲವೆಂದು ಬಹಳ ದಿನಗಳಿಂದ ಅನಿಸುತ್ತಿತ್ತು. ಒಂದು ಭಾನುವಾರ ಬೆಳಿಗ್ಗೆ ಎರಡೂ ದೀಪಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟೆ. ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ, ನಯವಾದ ಉಜ್ಜುಕಾಗದವನ್ನು ನೀರಿನಲ್ಲಿ ಅದ್ದಿ ಹೊಳಪು ಹೋಗುವವರೆಗೂ ಉಜ್ಜಿದೆ. ಹಾಗೆ ಉಜ್ಜದಿದ್ದರೆ ಬಣ್ಣ ಕಚ್ಚುವುದಿಲ್ಲ. ಡಬ್ಬಿಯನ್ನು ಒಳಗಿನ ಗುಂಡು ಟಕಟಕ ಎನ್ನುವಂತೆ ಅಲ್ಲಾಡಿಸಿ, ಒಂದು ಗೇಣು ದೂರದಿಂದ ಮೊದಲ ಪದರ ಹೊಡೆದೆ. ಹತ್ತು ನಿಮಿಷ ಬಿಟ್ಟು ಎರಡನೆಯದು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಕೆಂಪು ಇನ್ನೂ ಇಣುಕುತ್ತಿದೆ ಎಂದು ಮೂರನೆಯದನ್ನೂ ಹೊಡೆದೆ. ಅದರ ಮೇಲೆ ಹೊಳಪಿನ ಲ್ಯಾಕರ್. ಒಣಗಿದಾಗ ಗಾಜು ಕಪ್ಪು ಶಿಲೆಯ ಹಾಗೆ ಮಿನುಗುತ್ತಿತ್ತು. ಕೆಲಸ ಅಚ್ಚುಕಟ್ಟಾಗಿತ್ತು, ಎಲ್ಲೂ ಒಂದು ಹನಿ ಇಳಿದಿರಲಿಲ್ಲ. ಅದು ನನಗೆ ನಿಜವಾದ ಸಂತೋಷ ಕೊಟ್ಟಿತ್ತೆಂದು ಇಲ್ಲಿ ಹೇಳಲೇಬೇಕು. ಸ್ವಂತ ಕೈಯಿಂದ ಮಾಡಿದ್ದು ಚೆನ್ನಾಗಿ ಬಂದಾಗ ಆಗುವ ಆ ಸಂತೋಷವೇ ಈ ಗೀಳಿನ ಬೇರು.

ಪರೀಕ್ಷೆಯನ್ನೂ ಮಾಡಿದೆ. ಸಂಜೆ ಶೆಡ್ಡಿನ ಬಾಗಿಲು ಹಾಕಿ, ಮಗಳಿಗೆ ಬ್ರೇಕ್ ಒತ್ತಲು ಹೇಳಿ, ಹಿಂದೆ ನಿಂತು ನೋಡಿದೆ. ಕಡುಗೆಂಪು ಬೆಳಕು ಗೋಡೆಯ ಮೇಲೆಲ್ಲ ಬಿತ್ತು. "ಚೆನ್ನಾಗಿ ಕಾಣುತ್ತದೆ ಅಪ್ಪಾ" ಎಂದು ಅವಳೂ ಇಳಿದು ಬಂದು ಹೇಳಿದಳು. ಕತ್ತಲ ಶೆಡ್ಡಿನಲ್ಲಿ, ಐದಾರು ಅಡಿ ದೂರದಿಂದ ನೋಡಿದರೆ ಎಂಥ ದೀಪವೂ ಪ್ರಖರವಾಗಿಯೇ ಕಾಣುತ್ತದೆ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಎರಡು ತಿಂಗಳ ನಂತರ ಒಂದು ಸಂಜೆ ಅಕ್ಕನೂ ನಾನೂ ಒಂದೇ ಕಡೆಗೆ ಹೊರಟಿದ್ದೆವು. ನನ್ನ ಕಾರು ಮುಂದೆ, ಅವಳದು ಹಿಂದೆ. ಅಕ್ಕನಿಗೆ 64 ವರ್ಷ. ಮೂವತ್ತು ವರ್ಷಗಳಿಂದ ಕಾರು ಓಡಿಸುತ್ತಿದ್ದಾಳೆ. ಅವಳ ಕಾರಿಗೆ ಒಂದು ಗೀರು ಬಿದ್ದದ್ದನ್ನು ನಾನು ನೋಡಿಲ್ಲ. ತುಂತುರು ಮಳೆ. ಮೋಡದ ಬೆಳಕು ಇನ್ನೂ ಇದ್ದುದರಿಂದ ನಾನು ದೀಪ ಹಚ್ಚಿರಲಿಲ್ಲ. ಮುಂದಿನ ಲಾರಿ ನಿಂತಿತು, ಬ್ರೇಕ್ ಹಾಕಿದೆ. ಗಡಿಬಿಡಿಯ ಬ್ರೇಕ್ ಏನಲ್ಲ, ಎಂದಿನಂತೆ ಹಾಕಿದ್ದು. ಹಿಂದೆ ಟೈರು ಒರಸಿದ ಸದ್ದು, ಅದರ ಬೆನ್ನಿಗೇ ಧಡ್ ಎಂದು ಪೆಟ್ಟು. ಬಂಪರ್ ಒಡೆಯಿತು, ಡಿಕ್ಕಿಯ ಬಾಗಿಲು ನೆಗ್ಗಿತು. ಯಾರಿಗೂ ಗಾಯವಾಗಲಿಲ್ಲ.

ಅಕ್ಕ ಇಳಿದು ಬಂದಳು. ಕೈ ನಡುಗುತ್ತಿತ್ತು. "ನೀನು ಬ್ರೇಕ್ ಹಾಕಿದೆಯೇನೋ? ಕಾರು ದೊಡ್ಡದಾಗುತ್ತ ಬಂದದ್ದು ಕಂಡಿತು, ದೀಪ ಕಾಣಲೇ ಇಲ್ಲ" ಎಂದಳು. ಹೌದು ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನನ್ನ ಕಣ್ಣೇ ಹೋಯಿತು ಅನ್ನು. ಇನ್ನು ನಾನು ಓಡಿಸಬಾರದು" ಎಂದಳು. ತಪ್ಪು ನನ್ನದು, ಶಿಕ್ಷೆಯನ್ನು ತನಗೆ ವಿಧಿಸಿಕೊಂಡವಳು ಅವಳು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಮುಂದಿನ ವಾರ ಅಂಥದೇ ಮಳೆಯ ಸಂಜೆ ನೋಡಿ, ನನ್ನ ಕಾರನ್ನು ಮಗಳ ಕೈಗೆ ಕೊಟ್ಟೆ. ನಾನು ಅಕ್ಕನ ಕಾರು ಹತ್ತಿ, ಪಕ್ಕದಲ್ಲಿ ಅವಳನ್ನು ಕೂರಿಸಿಕೊಂಡು, ವಾಹನಗಳಿಲ್ಲದ ನೇರ ರಸ್ತೆಯೊಂದರಲ್ಲಿ ಸಾಕಷ್ಟು ಅಂತರ ಬಿಟ್ಟು ಹಿಂಬಾಲಿಸಿದೆ. ಯಾವ ಗುರುತಿನ ಬಳಿ ಬ್ರೇಕ್ ಒತ್ತಬೇಕೆಂದು ಮಗಳಿಗೆ ಮೊದಲೇ ಹೇಳಿದ್ದೆ. ಗುರುತು ಬಂತು, ಹೋಯಿತು. ನನ್ನ ಮುಂದೆ ಇದ್ದದ್ದು ಎರಡು ಕಪ್ಪು ಕಲೆಗಳು. ದೃಷ್ಟಿ ನೆಟ್ಟು ಹುಡುಕಿದರೆ ಅವುಗಳ ನಡುವೆ ಕೆಂಡ ಆರುವಾಗಿನಂಥ ಮಂಕು ಕೆಂಪು ಕಾಣುತ್ತಿತ್ತು. ವೈಪರ್ ಒಮ್ಮೆ ಗಾಜಿನ ಮೇಲೆ ಹಾದರೆ ಅದೂ ಕಳೆದುಹೋಗುತ್ತಿತ್ತು. ಕಾರು ಕೊಂಡು ಒಂಬತ್ತು ವರ್ಷವಾಗಿತ್ತು. ಅದರ ಬ್ರೇಕ್ ದೀಪ ರಸ್ತೆಯಲ್ಲಿ ಕೆಲಸ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು. ಯೋಚಿಸಿದರೆ ಯಾವ ಮಾಲೀಕನೂ ಅದನ್ನು ನೋಡಿರುವುದಿಲ್ಲ. ಕಾರಿನ ಉಳಿದ ಭಾಗಗಳೆಲ್ಲ ಒಳಗೆ ಕುಳಿತವರಿಗಾಗಿ ಇದ್ದರೆ, ಅದೊಂದು ಮಾತ್ರ ಪೂರ್ತಿಯಾಗಿ ಹಿಂದಿರುವ ಅಪರಿಚಿತರಿಗಾಗಿ ಇರುವಂಥದ್ದು.

"ನಿನ್ನ ಕಣ್ಣು ಹೋಗಿಲ್ಲ ಅಕ್ಕಾ" ಎಂದೆ. ಅವಳು ಉತ್ತರಿಸಲಿಲ್ಲ. ಆದರೆ ಮನೆಗೆ ಹಿಂತಿರುಗುವಾಗ ಕೀಲಿ ಕೈ ಕೇಳಿ ತೆಗೆದುಕೊಂಡು, ತಾನೇ ಓಡಿಸಿದಳು.

ಅಂದು ರಾತ್ರಿ ಲೆಕ್ಕ ಹಾಕಿದೆ. ಲೆಕ್ಕ ನನ್ನ ಕಸುಬು. ಬಣ್ಣದ ಡಬ್ಬಿ ಕೈಗೆತ್ತಿಕೊಳ್ಳುವ ಮೊದಲೇ ಹಾಕಬೇಕಿತ್ತು. ಒಂದು ಪದರ ನೂರರಲ್ಲಿ 60 ಪಾಲು ಬೆಳಕನ್ನು ಬಿಡುತ್ತದೆ ಎಂದಿಟ್ಟುಕೊಳ್ಳಿ. ಕಣ್ಣಿಗೆ ಅದು ತೆಳು ಛಾಯೆಯಷ್ಟೇ. ಎರಡನೆಯ ಪದರ ಆ 60ರಲ್ಲಿ ಮತ್ತೆ 60 ಪಾಲನ್ನು ಮಾತ್ರ ಬಿಡುತ್ತದೆ, ಅಂದರೆ 36. ಮೂರನೆಯದು ಮುಗಿದಾಗ ಉಳಿಯುವುದು 22ಕ್ಕೂ ಕಡಿಮೆ. ಪದರಗಳ ಸಂಖ್ಯೆ ಕೂಡುತ್ತ ಹೋದಂತೆ ಬೆಳಕು ಗುಣಾಕಾರದಲ್ಲಿ ಕುಗ್ಗುತ್ತದೆ. ವಾಹನ ದೀಪಗಳ ಕುರಿತ ವಿಶ್ವಸಂಸ್ಥೆಯ 7ನೇ ನಿಯಮಾವಳಿಯಲ್ಲಿ, ನೇರ ಹಿಂದಿನಿಂದ ನೋಡಿದಾಗ ಸಾಮಾನ್ಯ ಹಿಂದಿನ ದೀಪಕ್ಕೆ ಕನಿಷ್ಠ 4 ಕ್ಯಾಂಡೆಲಾ, ಬ್ರೇಕ್ ದೀಪಕ್ಕೆ ಕನಿಷ್ಠ 60 ಕ್ಯಾಂಡೆಲಾ ಪ್ರಖರತೆ ಇರಬೇಕೆಂದಿದೆ. ಒಂದು ಕ್ಯಾಂಡೆಲಾ ಎಂದರೆ ಹೆಚ್ಚುಕಡಿಮೆ ಒಂದು ಮೇಣದಬತ್ತಿ. ಅರುವತ್ತು ಮೇಣದಬತ್ತಿಗಳ ಬ್ರೇಕ್ ದೀಪ ನನ್ನ ಮೂರು ಪದರಗಳ ಹಿಂದೆ ಹದಿಮೂರಕ್ಕೆ ಇಳಿಯುತ್ತದೆ. ಅಷ್ಟು ಬೆಳಕನ್ನು ಕಂಡ ಚಾಲಕರಿಗೆ 'ಮುಂದಿನ ಕಾರಿನ ಸಾಮಾನ್ಯ ದೀಪ ಉರಿಯುತ್ತಿದೆ' ಎನಿಸಬಹುದೇ ಹೊರತು 'ಅದು ನಿಲ್ಲುತ್ತಿದೆ' ಎಂದಲ್ಲ. ಇನ್ನು ಸಾಮಾನ್ಯ ದೀಪಕ್ಕೆ ಉಳಿಯುವುದು ಒಂದು ಮೇಣದಬತ್ತಿಗಿಂತ ಕಡಿಮೆ.

ಹಿಂದಿನ ದೀಪದಲ್ಲೇ ಸೇರಿಕೊಂಡಿರುವ ಪ್ರತಿಫಲಕದ ಗತಿ ಇನ್ನೂ ಕೆಟ್ಟದ್ದು. ಜೇನುಗೂಡಿನ ಕಣ್ಣುಗಳಂತೆ ಸಣ್ಣ ಸಣ್ಣ ಮೂಲೆಗಳಿರುವ ಆ ಕೆಂಪು ತುಂಡಿಗೆ ಬಲ್ಬೂ ಬೇಡ, ಬ್ಯಾಟರಿಯೂ ಬೇಡ. ಕೆಟ್ಟು ನಿಂತ ಕಾರನ್ನು ಕತ್ತಲಿನಲ್ಲಿ ಕಾಯುವುದು ಅದೇ. ಹಿಂದಿನಿಂದ ಬರುವ ಕಾರಿನ ಬೆಳಕನ್ನು ಅದು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತದೆ. ಛಾಯೆ ಹಾಕಿದ ಮೇಲೆ ಬೆಳಕು ಆ ಪದರಗಳನ್ನು ಒಳಹೋಗುವಾಗ ಒಮ್ಮೆ, ಹೊರಬರುವಾಗ ಇನ್ನೊಮ್ಮೆ ದಾಟಬೇಕು. ನೂರರಲ್ಲಿ 22 ಒಳಗೆ ಹೋಗಿ, ಆ 22ರಲ್ಲಿ ಮತ್ತೆ ಐದನೆಯ ಒಂದು ಪಾಲಷ್ಟೇ ಹೊರಬರುತ್ತದೆ. ಕೊನೆಗೆ ಉಳಿಯುವುದು 5ಕ್ಕೂ ಕಡಿಮೆ. ಒಂದೇ ಒಂದು ತೆಳು ಪದರ ಹಾಕಿದರೂ ಪ್ರತಿಫಲಕ ತನ್ನ ಶಕ್ತಿಯ ಮೂರರಲ್ಲಿ ಎರಡು ಪಾಲಿನಷ್ಟನ್ನು ಕಳೆದುಕೊಳ್ಳುತ್ತದೆ. ರಾತ್ರಿ ರಸ್ತೆ ಬದಿಯಲ್ಲಿ ಕೆಟ್ಟು ನಿಂತ ಕಾರು, ಸತ್ತ ಬ್ಯಾಟರಿ, ಮೇಲೆ ಕಪ್ಪು ಬಳಿದ ಪ್ರತಿಫಲಕ: ಈ ಮೂರೂ ಸೇರಿದರೆ ಏನಾದೀತೆಂದು ಯೋಚಿಸಲೂ ನನಗೆ ಭಯವಾಗುತ್ತದೆ.

ಸಾಲದ್ದಕ್ಕೆ ನಮ್ಮ ಕಣ್ಣೂ ಮುಸ್ಸಂಜೆಯಲ್ಲಿ ಕೆಂಪಿನ ಕೈಬಿಡುತ್ತದೆ. ಬೆಳಕು ಕುಗ್ಗಿದಂತೆ ಕೆಂಪು ದಾಸವಾಳ ಮೊದಲು ಕಪ್ಪಾಗುತ್ತದೆ, ಅದರ ಸುತ್ತಲಿನ ಎಲೆಗಳು ಇನ್ನೂ ಸ್ವಲ್ಪ ಹೊತ್ತು ಕಾಣುತ್ತಿರುತ್ತವೆ. ಇದನ್ನು 1819ರಲ್ಲಿ ಗುರುತಿಸಿದವರು ಬೊಹೆಮಿಯಾದ ಶರೀರವಿಜ್ಞಾನಿ ಯಾನ್ ಪುರ್ಕಿನ್ಯೆ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳು ಕೆಂಪಿಗೆ ಬಹುತೇಕ ಕುರುಡು. ವಯಸ್ಸಿನ ಮಾತು ಬೇರೆ: ಪಾಪೆ ಕಿರಿದಾಗಿ, ಮಸೂರ ಹಳದಿಗಟ್ಟಿ, ಅರುವತ್ತರ ಕಣ್ಣಿನ ಅಕ್ಷಿಪಟಲಕ್ಕೆ ಇಪ್ಪತ್ತರ ಕಣ್ಣಿಗೆ ಸಿಗುವ ಬೆಳಕಿನ ಸುಮಾರು ಮೂರನೆಯ ಒಂದು ಪಾಲಷ್ಟೇ ತಲುಪುತ್ತದೆ. ಅಕ್ಕನ ಕಣ್ಣಿನಲ್ಲಿ ದೋಷವಿರಲಿಲ್ಲ. ಅದು ಅವಳ ವಯಸ್ಸಿನ ಆರೋಗ್ಯವಂತ ಕಣ್ಣು. ಅಂಥ ಕಣ್ಣುಗಳಿಗೂ ಸಾಲುವಷ್ಟು ಬೆಳಕು ಇರಲಿ ಎಂದೇ ಆ ಕನಿಷ್ಠ ಮಿತಿಗಳನ್ನು ಇಟ್ಟಿರುವುದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಪ್ರತಿ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ದೀಪ ಹತ್ತಿತೋ ಇಲ್ಲವೋ ಎಂಬ ಅನುಮಾನಕ್ಕೆ ಅರ್ಧ ಸೆಕೆಂಡು ಹೋದರೆ ಎರಡು ಕಾರಿನ ಉದ್ದ ಹೋಯಿತು. ಅಕ್ಕನಿಗೆ ಅಂದು ಕಡಿಮೆ ಬಿದ್ದದ್ದು ಅಷ್ಟೂ ಇರಲಿಲ್ಲ.

ಹಿಂಗಾಜಿನ ಮೂರನೆಯ ಬ್ರೇಕ್ ದೀಪ ಇತ್ತಲ್ಲ ಎಂದು ಕೇಳಬಹುದು. ಅಮೆರಿಕದಲ್ಲಿ 1986ರ ಮಾದರಿಯ ಕಾರುಗಳಿಂದ ಕಡ್ಡಾಯವಾಗಿ, ಆಮೇಲೆ ಜಗತ್ತಿನೆಲ್ಲೆಡೆ ಬಂದ ದೀಪ ಅದು. ನನ್ನ ಕಾರಿನಲ್ಲೂ ಇದೆ, ಹಿಂಗಾಜಿನ ಒಳಬದಿಯಲ್ಲಿ. ಆ ಗಾಜಿಗೆ ಬಿಸಿಲಿಗೆಂದು ಕಪ್ಪು ಫಿಲ್ಮ್ ಹಾಕಿಸಿ ಹಲವು ವರ್ಷಗಳಾಗಿದ್ದವು. ನಾನೇ ಒಂದೊಂದಾಗಿ ಮೂರೂ ಬ್ರೇಕ್ ದೀಪಗಳನ್ನು ಮುಚ್ಚಿದ್ದೆ.

ಫಿಲ್ಮ್ ಮಾರುವವರು ಹೇಳುವ ಒಂದು ಮಾತು ಬಹಳ ಜನರನ್ನು ಮರುಳು ಮಾಡುತ್ತಿದೆ: ಹೊರಗಿನಿಂದ ಕಪ್ಪು, ಒಳಗಿನ ಬೆಳಕು ಮಾತ್ರ ಸಲೀಸಾಗಿ ಹೊರಬರುತ್ತದೆ ಎಂದು. ಬೆಳಕನ್ನು ಹೀರುವ ಛಾಯೆಗೆ ಒಳಗು ಹೊರಗು ಎಂಬ ಭೇದವಿಲ್ಲ. ಹೊರಗಿನಿಂದ ನೋಡುವವರಿಗೆ ಎಷ್ಟು ಕಪ್ಪೋ, ಒಳಗಿನ ಬಲ್ಬಿನ ಪಾಲಿಗೂ ಅಷ್ಟೇ ಕಪ್ಪು. ಕಾರ್ಖಾನೆಯಿಂದಲೇ ಕಪ್ಪಾಗಿ ಬರುವ ದೀಪಗಳಿಲ್ಲವೇ ಎಂಬುದು ಇನ್ನೊಂದು ವಾದ. ಇವೆ. ಅವುಗಳಲ್ಲಿ ಸಾಮಾನ್ಯವಾಗಿ ಕಪ್ಪಾಗಿರುವುದು ಒಳಗಿನ ಚೌಕಟ್ಟು, ಹೊರಗಾಜು ತಿಳಿಯಾಗಿಯೇ ಇರುತ್ತದೆ. ಗಾಜಿಗೇ ಛಾಯೆ ಕೊಟ್ಟಿದ್ದರೂ ಒಳಗಿನ ಬೆಳಕನ್ನು ಅದಕ್ಕೆ ತಕ್ಕಂತೆ ಹೆಚ್ಚಿಸಿ, ಅಳೆದು, ಒಪ್ಪಿಗೆ ಪಡೆದಿರುತ್ತಾರೆ. ನಿಮ್ಮ ದೀಪದ ಗಾಜನ್ನು ಹತ್ತಿರದಿಂದ ನೋಡಿ. ಬಹಳಷ್ಟು ದೀಪಗಳಲ್ಲಿ ಸಣ್ಣ ವೃತ್ತದೊಳಗೆ 'ಇ' ಎಂಬ ರೋಮನ್ ಅಕ್ಷರ, ಪಕ್ಕದಲ್ಲಿ ಒಂದು ಅಂಕಿ ಅಚ್ಚಾಗಿರುತ್ತದೆ. ಆ ದೀಪ ಇದ್ದ ಹಾಗೆಯೇ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ ಎಂಬುದರ ಗುರುತು ಅದು. ನಾನು ಆ ಗುರುತಿನ ಮೇಲೆಯೇ ಬಣ್ಣ ಹೊಡೆದಿದ್ದೆ.

ಮುಂದಿನ ದೀಪಗಳಿಗೆ ನಾನು ಕೈ ಹಾಕಲಿಲ್ಲ. ಹಾಕಿದವರನ್ನು ಬಲ್ಲೆ. ಅಲ್ಲಿ ಕನಿಷ್ಠ ಪಕ್ಷ ನಷ್ಟ ಏನೆಂದು ಮಾಲೀಕನಿಗೇ ಗೊತ್ತಾಗುತ್ತದೆ. ಬೆಳಕು ಅರ್ಧವಾದರೆ, ಲೆಕ್ಕದ ಮಟ್ಟಿಗೆ, 100 ಮೀಟರ್ ದೂರದಲ್ಲಿ ಕಾಣುತ್ತಿದ್ದ ವಸ್ತು 70 ಮೀಟರಿಗೆ ಬಂದ ಮೇಲಷ್ಟೇ ಕಾಣುತ್ತದೆ. ಅದನ್ನು ತುಂಬಿಕೊಳ್ಳಲು 60/55 ವಾಟಿನ ಬಲ್ಬಿನ ಜಾಗಕ್ಕೆ 100/90 ವಾಟಿನದನ್ನು ಹಾಕುತ್ತಾರೆ. ಆಮೇಲೆ ಹೋಲ್ಡರ್ ಕರಗುತ್ತದೆ, ತಂತಿ ಬಿಸಿಯಾಗುತ್ತದೆ, ಒಳಗಿನ ಕನ್ನಡಿಯಂಥ ಲೇಪ ಸುಟ್ಟು ಮಂಕಾಗುತ್ತದೆ. ಮುಂದಿನ ದೀಪದ ಗಾಜು ಎಂದು ನಾವು ಕರೆಯುವುದು ಈಗಿನ ಕಾರುಗಳಲ್ಲಿ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಅದರ ಮೇಲೆ ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ಗಟ್ಟಿ ಲೇಪವಿರುತ್ತದೆ. ಬಣ್ಣ ಕಚ್ಚಲೆಂದು ಉಜ್ಜಿದಾಗ ಮೊದಲು ಹೋಗುವುದೇ ಆ ಲೇಪ. ಮುಂದೆ ಬಣ್ಣ ತೆಗೆದರೂ ಪ್ಲಾಸ್ಟಿಕ್ ಹಳದಿಯಾಗಿ ಮಸುಕಾಗುತ್ತದೆ. ಮಸುಕಾದ ಗಾಜು ಬೆಳಕನ್ನು ಚೆದುರಿಸುವುದರಿಂದ ರಸ್ತೆಗೆ ಬೀಳಬೇಕಾದದ್ದು ಎದುರಿನವರ ಕಣ್ಣಿಗೆ ಬೀಳುತ್ತದೆ. ಮಂಜಿಗೆ ಒಳ್ಳೆಯದೆಂದು ಹಳದಿ ಫಿಲ್ಮ್ ಅಂಟಿಸುವವರೂ ಇದ್ದಾರೆ. ಫ್ರಾನ್ಸಿನಲ್ಲಿ 1936ರಿಂದ 1993ರವರೆಗೆ ಕಾರುಗಳ ಮುಂದೀಪ ಹಳದಿಯೇ ಆಗಿರಬೇಕಿತ್ತು, ಕೊನೆಗೆ ಅವರೂ ಆ ನಿಯಮವನ್ನು ಕೈಬಿಟ್ಟರು. ಹಳದಿ ಫಿಲ್ಮ್ ಬೆಳಕಿಗೆ ಏನನ್ನೂ ಸೇರಿಸುವುದಿಲ್ಲ, ಇದ್ದದ್ದರಲ್ಲಿ ನೀಲಿಯನ್ನು ಕಳೆಯುತ್ತದೆ ಅಷ್ಟೆ.

ಹೊಡೆದ ಬಣ್ಣವನ್ನು ತೆಗೆದ ಕಥೆಯನ್ನೂ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಮೊದಲು ಎಡಗಡೆಯ ದೀಪ ಹಿಡಿದು, ಬಟ್ಟೆಗೆ ಥಿನ್ನರ್ ಹಾಕಿಕೊಂಡು ಒರಸಿದೆ. ಬಣ್ಣ ಕರಗಿ ಬಂತು, ಕೆಳಗಿನ ಕೆಂಪು ಕಂಡಿತು. ಇಷ್ಟು ಸುಲಭವೇ ಎಂದುಕೊಳ್ಳುತ್ತಿದ್ದಂತೆ ಗಾಜಿನೊಳಗೆ ಕೂದಲೆಳೆಯಂಥ ಗೆರೆಗಳು ಮೂಡತೊಡಗಿದವು. ನನ್ನ ಕಣ್ಣೆದುರಿಗೇ ಒಂದರಿಂದ ಒಂದು ಕವಲೊಡೆದು, ಜೇಡರ ಬಲೆಯ ಹಾಗೆ ಮೂಲೆಯಿಂದ ಮೂಲೆಗೆ ಹಬ್ಬಿದವು. ಹಿಂದಿನ ದೀಪದ ಗಾಜು ಹೆಚ್ಚಾಗಿ ಅಕ್ರಿಲಿಕ್ ಎಂಬ ಇನ್ನೊಂದು ಪ್ಲಾಸ್ಟಿಕ್. ಥಿನ್ನರ್, ಅಸಿಟೋನ್, ಪೆಟ್ರೋಲ್ ಯಾವುದನ್ನೂ ಅದಕ್ಕೆ ಸೋಕಿಸಬಾರದು. ಆ ದೀಪವನ್ನು ಎಸೆದು ಹೊಸದು ತರಬೇಕಾಯಿತು. ಬಲಗಡೆಯದನ್ನು ಕೈಯಿಂದಲೇ ಉಜ್ಜಿದೆ: 800ರ ಉಜ್ಜುಕಾಗದದಿಂದ (ಅಂಕಿ ದೊಡ್ಡದಾದಷ್ಟೂ ಕಾಗದ ನಯ) ಶುರು ಮಾಡಿ 1500, 2000, ಕೊನೆಗೆ 3000, ಪ್ರತಿ ಸಲವೂ ನೀರು ಬಿಟ್ಟುಕೊಂಡು. ಆಮೇಲೆ ಪ್ಲಾಸ್ಟಿಕ್ ಪಾಲಿಶ್. ಹೊಡೆಯಲು ಒಂದು ಬೆಳಗು ಸಾಕಾಗಿತ್ತು, ತೆಗೆಯಲು ನಾಲ್ಕು ಸಂಜೆ ಹಿಡಿಯಿತು. ಪ್ರತಿಫಲಕದ ಸಂದಿಗಳಲ್ಲಿ ಉಳಿದದ್ದನ್ನು ಬೆರಳ ತುದಿಗೆ ಕಾಗದ ಸುತ್ತಿಕೊಂಡು ಉಜ್ಜಿ ತೆಗೆದೆ. ಫಿಲ್ಮ್ ಅಂಟಿಸಿದವರಿಗೆ ಇಷ್ಟು ಕಷ್ಟವಿಲ್ಲ. ಕೂದಲು ಒಣಗಿಸುವ ಯಂತ್ರದಿಂದ ಹದವಾಗಿ ಬಿಸಿ ಮಾಡಿ, ಒಂದು ಮೂಲೆ ಎತ್ತಿ ನಿಧಾನವಾಗಿ ಎಳೆದರೆ ಬರುತ್ತದೆ. ಉಳಿದ ಅಂಟು ಬೆಚ್ಚಗಿನ ಸೋಪಿನ ನೀರಿಗೆ ಹೋಗುತ್ತದೆ. ಹಿಂಗಾಜಿನಲ್ಲಿ ಮೂರನೆಯ ದೀಪದ ಎದುರಿದ್ದ ಕಪ್ಪು ಫಿಲ್ಮನ್ನೂ ತೆಗೆಸಿದೆ.

ಕಾರು ಚೆಂದ ಕಾಣಬೇಕೆನ್ನುವ ಆಸೆಯ ಮೇಲೆ ನನಗೆ ಸಿಟ್ಟಿಲ್ಲ, ಅದು ನನ್ನಲ್ಲೂ ಇದೆ. ಚಕ್ರಗಳಿಗೆ, ಕನ್ನಡಿಯ ಕವಚಕ್ಕೆ, ಮುಂದಿನ ಜಾಲರಿಗೆ ಕಪ್ಪು ಹೊಡೆಯಿರಿ. ನಾನೂ ಹೊಡೆದಿದ್ದೇನೆ, ಚೆನ್ನಾಗಿಯೇ ಬಂದಿದೆ. ದೀಪಗಳನ್ನು ಬಿಟ್ಟುಬಿಡಿ. ಈಗಾಗಲೇ ಹಾಕಿಕೊಂಡಿದ್ದರೆ ಶೆಡ್ಡಿನಲ್ಲಿ ನಿಂತು ನೋಡಬೇಡಿ. ಬೆಳಕು ಇನ್ನೂ ಇರುವಾಗ, ಸಾಧ್ಯವಾದರೆ ಮೋಡ ಕವಿದ ಹೊತ್ತಿನಲ್ಲಿ, ಕಾರನ್ನು ಬಯಲಿನಲ್ಲಿ ನಿಲ್ಲಿಸಿ ನೂರು ಹೆಜ್ಜೆ ಹಿಂದಕ್ಕೆ ನಡೆಯಿರಿ. ಒಳಗೆ ಕುಳಿತವರು ತಮಗೆ ತೋಚಿದಾಗ ಬ್ರೇಕ್ ಒತ್ತಲಿ. ಎಷ್ಟು ಸಲ ಒತ್ತಿದರೆಂದು ನೀವು ಎಣಿಸಿ, ಆಮೇಲೆ ಅವರ ಲೆಕ್ಕದೊಂದಿಗೆ ತಾಳೆ ನೋಡಿ. ಮನೆಯಲ್ಲಿ ಹಿರಿಯರಿದ್ದರೆ ಪಕ್ಕದಲ್ಲಿ ನಿಲ್ಲಿಸಿಕೊಂಡು ಅವರಿಂದಲೂ ಎಣಿಸಿ.

ಸಂಪಾದಕರಲ್ಲಿ ನನ್ನದೊಂದು ಬೇಡಿಕೆ ಇದೆ. ವಾಹನಗಳ ಪುಟದಲ್ಲಿ ಹೊಗೆ ಬಣ್ಣದ ದೀಪಗಳ ಕಾರಿನ ಚಿತ್ರ ಬಂದಾಗ, ಅದು ನಡು ಹಗಲಿನಲ್ಲಿ ಹತ್ತಿರದಿಂದ ತೆಗೆದದ್ದಾಗಿರುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು ಚಿತ್ರವನ್ನೂ ಕೊಡಿ: ಅದೇ ಕಾರು, ಸಂಜೆಯ ಮಳೆ, ನೂರು ಹೆಜ್ಜೆ ಹಿಂದಿನಿಂದ, ಬ್ರೇಕ್ ಒತ್ತಿದಾಗ. ಕೆಳಗೆ ವಿವರಣೆ ಬರೆಯುವ ಅಗತ್ಯವೂ ಬೀಳುವುದಿಲ್ಲ.

ಅಕ್ಕ ಈಗಲೂ ಕಾರು ಓಡಿಸುತ್ತಾಳೆ. ಆದರೆ ಮೊದಲಿಗಿಂತ ಹೆಚ್ಚು ಅಂತರ ಬಿಡುತ್ತಾಳೆ, ಮುಸ್ಸಂಜೆಯಾದರೆ ಹೊರಡುವುದನ್ನು ಮರುದಿನಕ್ಕೆ ಹಾಕುತ್ತಾಳೆ. ನನ್ನ ಕಾರಿನ ದೀಪಗಳು ಮೊದಲಿನಂತಾಗಿವೆ. ಅವಳ ಆ ಧೈರ್ಯ ಇನ್ನೂ ಪೂರ್ತಿ ಮರಳಿಲ್ಲ.

ಇತಿ ತಮ್ಮ ವಿಶ್ವಾಸಿ,
ಓದುಗ